ಅತ್ತೆ ಹೊತ್ತ ಮೆಟ್ಟಿಲ ಹರಕೆ

ಯಾವುದೋ ಗಂಡಸಿನ ಬಿರುಕು ಬಿಟ್ಟ ಹಿಮ್ಮಡಿ ದಾಟಿಹೋಯಿತು, ಅದರ ಹಿಂದೆ ಒಂದು ಮಣ್ಣು ಮೆತ್ತಿದ ಸೀರೆಯಂಚು — ಬಗ್ಗಿ ಹತ್ತುವವಳಿಗೆ ಮನುಷ್ಯರೆಂದರೆ ಮೊಣಕಾಲಿನವರೆಗೆ ಅಷ್ಟೆ, ಅಂದುಕೊಂಡಳು ಕರಿಬಸಮ್ಮ, ಮೆಟ್ಟಿಲಿಗೆ ಅರಿಶಿನ ಎಳೆದು ಅದರ ಮೇಲೆ ಕುಂಕುಮ ಒತ್ತಿದಳು, ಇದಾಯಿತು, ಇನ್ನೊಂದು, ಸೊಂಟ ಹಿಡಿದುಕೊಂಡಿದೆ, ಕಲ್ಲು ಆಗಲೇ ಕಾದಿದೆ, ಹರಕೆ ಹೊತ್ತವಳು ಅತ್ತೆ, ಬಗ್ಗುವವಳು ತಾನು, ಇದು ಯಾವ ಸೀಮೆಯ ನ್ಯಾಯ? ಒಂದ್ ಮೆಟ್ಲೂ ಬುಡ್ಬ್ಯಾಡ ಕಣಮ್ಮಿ, ಬುಟ್ರೆ ಬೆಟ್ಟದ್ ದೇವ್ರು ಮಲ್ಲಪ್ಪ ಒಪ್ಪಕಿಲ್ಲ, ಹಿಂದಿನಿಂದ ಅತ್ತೆಯ ದನಿ, ಒಪ್ಪದಿದ್ದರೆ ನೀವೇ ಬಗ್ಗಿ ಅನ್ನಬೇಕಿತ್ತು, ಅನ್ನಲಿಲ್ಲ, ಮದುವೆಯಾಗಿ ಬಂದಾಗಿನಿಂದ ಅಂದಿಲ್ಲ, ಅದೇ ತಪ್ಪಾಯಿತು. ಉಡಿಗಾಲದಿಂದ ಚಾಮರಾಜನಗರಕ್ಕೆ ಬಂದು ಬಸ್ಸು ಹಿಡಿದು ಗುಂಡ್ಲುಪೇಟೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬೆಟ್ಟದ ಬುಡಕ್ಕೆ — ಬಸ್ಸಿನಲ್ಲಿ ಮೇಷ್ಟರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು, ಈಗ ಹೊಸ ಕಾನೂನು ಬಂದದೆ ಕಣ್ರೀ, ಎಂಡ್ತಿ ಇದ್ದಂಗೇ ಇನ್ನೊಬ್ಳ ಕಟ್ಕಂಡ್ರೆ ಜೈಲು — ಗಂಡ ಮರಿಮಲ್ಲಪ್ಪ ಕಿಟಕಿಯಾಚೆ ಹುರುಳಿ ಹೊಲ ನೋಡುತ್ತ ಕೂತಿದ್ದ, ಜನ್ಮದಲ್ಲಿ ಹುರುಳಿಯನ್ನೇ ಕಾಣದವನ ಹಾಗೆ. ಮೇಲೆ ಹೋದಮೇಲೆ ದೇವರ ತಲೆಗೆ ಹೂವಿಟ್ಟು ಕೇಳುತ್ತಾರೆ, ಮಕ್ಕಳಾಗದ ಮನೆಗೆ ಅವಳ ಸ್ವಂತ ತಂಗಿ ಪುಟ್ಟಬಸಮ್ಮನನ್ನೇ ಎರಡನೆಯವಳಾಗಿ ತರಬಹುದೇ ಎಂದು, ಎಡಕ್ಕೆ ಬಿದ್ದರೆ ಬೇಡ, ಬಲಕ್ಕೆ ಬಿದ್ದರೆ ಆ ಹೂವನ್ನು ಮೊದಲ ಹೆಂಡತಿ ನಾಲ್ಕು ಜನರ ಮುಂದೆ ಸೆರಗೊಡ್ಡಿ ತೆಗೆದುಕೊಳ್ಳಬೇಕು, ತೆಗೆದುಕೊಂಡರೆ ಒಪ್ಪಿದಂತೆ, ಆಮೇಲೆ ಯಾವ ಕಾನೂನಿನ ಮುಂದೆಯೂ ತುಟಿ ಬಿಚ್ಚುವಂತಿಲ್ಲ. ದೇವ್ರು ಬ್ಯಾಡ ಅಂದ್ರೆ ಬುಟ್ಬುಡನ ಕಣಮ್ಮಿ, ನಾನೇನ್ ಕಟುಕನಾ, ಎಂದಿದ್ದ ಮರಿಮಲ್ಲಪ್ಪ, ಆ ಒಂದು ಮಾತು ನಂಬಿಕೊಂಡೇ ಅವಳು ಬಗ್ಗುತ್ತಿರುವುದು, ಅತ್ತೆಗಾಗಿ ಅಲ್ಲ, ಎಡಕ್ಕೆ ಬೀಳಲಿ ತಂದೆ, ಎಡಕ್ಕೆ, ಎಂದು ಒಂದೊಂದು ಬೊಟ್ಟಿಗೂ ಬೇಡಿಕೊಳ್ಳುತ್ತ.

ಮರದ ನೆರಳಲ್ಲಿ ಕಾಲು ಚಾಚಿ ಕೂತ ಮುದುಕ ಎಲೆಯಡಿಕೆ ಉಗುಳಿ ಅಂದ, ಸಂಸಾರಾನೂ ಇಂಗೇ ಕಣವ್ವ, ಮ್ಯಾಕ್ ನೋಡ್ಬಾರ್ದು, ಕಾಲ್ ಮುಂದಿನ ಮೆಟ್ಲು ನೋಡ್ಬೇಕು, ಅಷ್ಟೇಯ. ಅಯ್ಯೋ ನಿನ್ನ ಬುದ್ಧಿಮಾತಿಗೆ ಬೆಂಕಿ ಬೀಳ, ನೆರಳಲ್ಲಿ ಕೂತವರಿಗೆ ಬುದ್ಧಿಮಾತು ಹೇಳಲು ಏನು ಖರ್ಚು, ನೆಟ್ಟಗೆ ಹತ್ತುವವರಿಗೆ ಬೆಟ್ಟ ಪಾಠ ಕಲಿಸುತ್ತದೆ, ಬಗ್ಗಿ ಹತ್ತುವವಳಿಗೆ ಸೊಂಟನೋವು, ಎಲ್ಲರೂ ಹೇಳುವುದು ಇದನ್ನೇ, ತಾಳು, ತಗ್ಗು, ಮುಂದಿನದು ನೋಡು — ತಗ್ಗಿ ತಗ್ಗಿ ತಾನೇ ಒಂದು ಮೆಟ್ಟಿಲಾದಳು, ಅತ್ತೆ ತುಳಿದಳು, ಗಂಡ ತುಳಿದ. ತಂಗಿಯೊಬ್ಬಳೇ ತನ್ನ ಕಡೆ, ಅವ್ವ ಸತ್ತಾಗ ಕಂಕುಳಲ್ಲಿ ಹೊತ್ತು ಸಾಕಿದ ಮಗು, ತನ್ನ ಹಿಂದೆಯೇ ಈ ಮನೆಗೆ ಬಂದದ್ದು, ಈಗ ಇಪ್ಪತ್ತು ದಾಟಿದೆ, ಅಡುಗೆಮನೆಯಲ್ಲಿ ಕೈ ಹಿಡಿದು ಅತ್ತಿತ್ತು, ನಂಗ್ ಬ್ಯಾಡ ಅಕ್ಕ, ನಿನ್ ಮನೆ ನಿಂಗೇ ಇರ್ಲಿ. ಬಿಸಿಲು ಬೆನ್ನಿಗೆ ಹೊಡೆಯುತ್ತಿದೆ, ಇಲ್ಲಿ ಮೆಟ್ಟಿಲುಗಳು ಎತ್ತರ.

ಅಕ್ಕ, ಒಸಿ ನೀರ್ ಕುಡಿ. ಪುಟ್ಟಬಸಮ್ಮನೇ, ಮುಂದೆ ಹತ್ತಿಹೋಗಿದ್ದವಳು ಮೇಲಿನಿಂದ ಚೊಂಬು ಹಿಡಿದು ಇಳಿದು ಬಂದಳು, ಮೆಟ್ಟಿಲು ಎತ್ತರವೆಂದು ನೆಲ ಗುಡಿಸುತ್ತಿದ್ದ ಸೀರೆಯನ್ನು ಎತ್ತಿ ಹಿಡಿದಳು, ಪಾದ ಕರಿಬಸಮ್ಮನ ಮೂಗಿನ ಮುಂದೆಯೇ ಊರಿತು — ಎರಡನೆಯ ಬೆರಳಲ್ಲಿ ಬೆಳ್ಳಿ. ಕಾಲುಂಗುರ. ಮದುವೆಯಾಗದ ಹುಡುಗಿಯ ಕಾಲಲ್ಲಿ ಕಾಲುಂಗುರ, ಹೊಸದು, ಸವೆದಿಲ್ಲ — ಹೋದ ತಿಂಗಳು ಕಡಲೆಕಾಯಿ ಕೀಳಲೆಂದು ಇವಳನ್ನು ಉಮ್ಮತ್ತೂರಿನ ನೆಂಟರ ಮನೆಗೆ ಕಳಿಸಿದ್ದು ಅತ್ತೆ, ಎತ್ತು ನೋಡಿಬರುತ್ತೇನೆಂದು ಅದೇ ಉಮ್ಮತ್ತೂರಿಗೆ ಹೋದವನು ಗಂಡ, ಬರಿಗೈಯಲ್ಲಿ ಬಂದು ಎತ್ತಿನ್ ಮೈ ಸುಳಿ ಸರ್ಯಾಗಿರ್ಲಿಲ್ಲ ಕಣಮ್ಮಿ ಅಂದ, ಸುಳಿ! ಬುಡದ ಕೊಳದಲ್ಲಿ ಎಲ್ಲರೂ ಕಾಲು ತೊಳೆದರು, ನಂಗ್ ನೆಗಡಿ ಎಂದು ಇವಳೊಬ್ಬಳು ಇಳಿಯಲಿಲ್ಲ, ತಾಳಿಯನ್ನು ರವಿಕೆಯೊಳಗೆ ಮುಚ್ಚಿಡಬಹುದು, ಇದನ್ನು ಎಲ್ಲಿ ಮುಚ್ಚಿಡುವುದು, ತೆಗೆಸಲು ಅತ್ತೆಗೆ ಧೈರ್ಯ ಬರಲಿಲ್ಲ, ತೆಗೆದರೆ ಮಗನ ಆಯಸ್ಸಿಗೆ ಕೇಡಂತೆ! ಸೊಸೆಗೆ ಸುಳ್ಳು ಹೇಳಬಹುದು, ಬೆಟ್ಟದ ಮೇಲಿನ ಮಲ್ಲಪ್ಪನಿಗೂ ಹೇಳಬಹುದು, ಕಾಲುಂಗುರ ಮಾತ್ರ ಬಿಚ್ಚಬಾರದು, ಥೂ, ಕಟ್ಟಿ ಆದಮೇಲೆ ಇನ್ನು ಯಾವ ದೇವರನ್ನು ಏನು ಕೇಳುತ್ತೀರಿ, ನನ್ನ ಬಾಯಿಗೆ ಬೀಗ ಹಾಕಲು ನಿಮಗೊಂದು ಹೂ ಬೇಕು, ಅದಕ್ಕೆ ಇಷ್ಟು ಮೆಟ್ಟಿಲು, ಇಷ್ಟು ಕುಂಕುಮ. ನಿಂತ್ಕಬ್ಯಾಡ ಕಣಮ್ಮಿ, ವೊತ್ತಾಯ್ತದೆ, ಎಂದಳು ಅತ್ತೆ. ಕರಿಬಸಮ್ಮ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು, ಬಿಗಿಯಾಗಿ, ಇನ್ನು ಯಾರಿಗೂ ಯಾವುದಕ್ಕೂ ಒಡ್ಡಲಾಗದಂತೆ, ಏಳಬೇಕು, ನೆಟ್ಟಗೆ ನಿಲ್ಲಬೇಕು, ನಿಂತು ಮುಖ ನೋಡಿ ಕೇಳಬೇಕು — ಅಕ್ಕ, ನೀರು, ಯಾಕಕ್ಕ — ಹೂ ಎಡಕ್ಕೆ ಬಿದ್ದರೂ ಕಾಲುಂಗುರ, ಬಲಕ್ಕೆ ಬಿದ್ದರೂ ಕಾಲುಂಗುರ, ಕಂಕುಳಲ್ಲಿ ಹೊತ್ತಾಗ ತನ್ನ ಸೊಂಟಕ್ಕೆ ಒದೆಯುತ್ತಿದ್ದ ಪುಟ್ಟ ಪಾದ, ಅದೇ ಬೆರಳು, ಬೆರಳಲ್ಲಿ ಬೆಳ್ಳಿ, ಹೊಸ ಬೆಳ್ಳಿ, ಬಿಸಿಲಿಗೆ ಹೊಳೆಯುತ್ತ — ಕಾಲುಂಗುರ