ಅಂಚಿನಿಂದ ಬಂದ ಚರ್ಮ

ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚುವಷ್ಟರಲ್ಲಿ ಹುಲಿಗೆಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಿದ್ದಳು.

"ಒಂದ್ಸಲ ನೋಡ್ರಮ್ಮ, ಚೆನ್ನಾಗಿ ತುಂಬ್ಕೊಂಡು ಬರ್ತಿದೆ," ಎಂದರು ಡಾಕ್ಟರ್ ಸುಮನಾ.

"ನೀವು ನೋಡಿದ್ರಲ್ಲ ಮೇಡಂ, ಸಾಕು."

ಭದ್ರಾವತಿಯಲ್ಲಿ ತಾರಸಿ ಹಾಕಲು ಬೇಕಾದ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಳವೊಂದರಲ್ಲಿ ಮದುವೆಯಾದಾಗಿನಿಂದ ಅವಳ ಕೆಲಸ. ಕಾಂಕ್ರೀಟು ಅಂಟದಿರಲೆಂದು ಕಬ್ಬಿಣದ ಶೀಟುಗಳಿಗೆ ಗ್ಯಾರೇಜಿನ ಹಳೇ ಇಂಜಿನ್ ಆಯಿಲನ್ನು ಬಟ್ಟೆಯಲ್ಲಿ ಅದ್ದಿ ಬಳಿಯಬೇಕು. ಸಂಜೆಗೆ ಮೊಣಕೈವರೆಗೂ ಕಪ್ಪು. ಎಡ ಮುಂಗೈ ಮೇಲೆ ಎದ್ದ ಗಂಟೊಂದು ಹುಣ್ಣಾಗಿ, ಏನು ಹಚ್ಚಿದರೂ ಮಾಯದಿದ್ದಾಗ ಶಿವಮೊಗ್ಗದ ಈ ಆಸ್ಪತ್ರೆಗೆ ಬಂದಳು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು, ಬೇರೆಲ್ಲೂ ಹರಡಿರಲಿಲ್ಲ. ಸುತ್ತಲಿನ ಒಳ್ಳೆಯ ಚರ್ಮವನ್ನೂ ತುಸು ಸೇರಿಸಿ ಕತ್ತರಿಸಿ ತೆಗೆದರು. ಗಾಯವನ್ನು ಹೊಲಿಯದೆ ತಾನಾಗಿಯೇ ಮಾಯಲು ಬಿಟ್ಟರು. ಆ ಗುಂಡಿಯನ್ನು ಅವಳು ಈವರೆಗೆ ಕಣ್ಣೆತ್ತಿ ನೋಡಿರಲಿಲ್ಲ.

ಜೊತೆಗೆ ಬಂದಿದ್ದ ವಜೀರಾ ಬಗ್ಗಿ ನೋಡಿದಳು. ಅಂಗಳದಲ್ಲಿ ಹುಲಿಗೆಮ್ಮನ ಪಕ್ಕದಲ್ಲೇ ಕೂತು ಆಯಿಲ್ ಬಳಿಯುವವಳು ಅವಳು. "ಅಕ್ಕ, ಸುತ್ತ ಗುಲಾಬಿ ಬಣ್ಣ ಬಂದಿದೆ. ತೆಳ್ಳಗೆ, ಹಾಲಿನ ಕೆನೆ ಥರ."

"ಆಯಿಲ್ ತಾಗಿ ತಾಗಿ ಚರ್ಮದ ಜೀವಕೋಶ ಸಾಯ್ತವೆ," ಎಂದರು ಡಾಕ್ಟರ್. "ಆ ಜಾಗ ತುಂಬೋಕೆ ಉಳಿದವು ಅವಸರದಲ್ಲಿ ಹೆಚ್ಚಾಗ್ತವೆ. ಚರ್ಮ ದಪ್ಪ ಆಗುತ್ತೆ. ಅದ್ರಲ್ಲಿ ಕೆಟ್ಟಿದ್ದು ಯಾವುದೋ ಒಂದು, ಎಲ್ಲಿ ನಿಲ್ಬೇಕು ಅನ್ನೋದನ್ನೇ ಮರೆತುಬಿಡುತ್ತೆ. ಅದನ್ನ ತೆಗೆದಿದ್ದೀವಿ. ಈಗ ಅಂಚಲ್ಲಿರೋ ಒಳ್ಳೇವು ಸರ್ಕೊಂಡು ಬರ್ತಿವೆ. ಎದುರು ಅಂಚಿಂದ ಬರೋವು ಸಿಕ್ಕಿದ ಮೇಲೆ ನಿಲ್ತವೆ."

ವಜೀರಾ ಮೆಲ್ಲಗೆ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು. ಹುಲಿಗೆಮ್ಮ ಈ ಕಡೆ ತಿರುಗಿದ್ದು ಆಗಲೇ.

"ಮೇಡಂ, ಇವಳ ಕೈನೂ ನೋಡಿ."

"ನಂದೇನಿಲ್ಲಕ್ಕ."

"ತೋರ್ಸೇ ಮಾರಾಯ್ತಿ."

ಮಣಿಕಟ್ಟಿನ ಮೇಲೆ ಬೂದುಬಣ್ಣದ ಒರಟು ಮಚ್ಚೆಗಳಿದ್ದವು. ಡಾಕ್ಟರ್ ದೀಪ ಹಿಡಿದು ಪರೀಕ್ಷಿಸಿದರು. ಸದ್ಯಕ್ಕೆ ಅಪಾಯ ಕಾಣುತ್ತಿಲ್ಲ, ಆದರೆ ಇನ್ನು ಆಯಿಲ್ ಮುಟ್ಟಬಾರದು, ಆಗಾಗ ಬಂದು ತೋರಿಸಬೇಕು ಎಂದರು.

ವಾಪಸು ಬರುವ ಬಸ್ಸಿನಲ್ಲಿ ವಜೀರಾ ಮಣಿಕಟ್ಟಿನ ಮಚ್ಚೆಗಳ ಮೇಲೆ ಬೆರಳಾಡಿಸುತ್ತ ಕೇಳಿದಳು. "ಕೆಲ್ಸ ಬಿಟ್ರೆ ಹೊಟ್ಟೆಗೇನಕ್ಕ?"

"ಕೆಲ್ಸ ಯಾಕೆ ಬಿಡ್ತೀಯ? ಆಯಿಲ್ ಬಿಡಣ."

ಮರುದಿನ ಇಬ್ಬರೂ ಮಾಲೀಕ ವಿಜಯೇಂದ್ರನ ಮುಂದೆ ನಿಂತರು. "ಎಲ್ಲ ಕಡೆ ಇದನ್ನೇ ಬಳಿಯೋದು," ಎಂದ ಅವನು, ಫೋನಿನಿಂದ ತಲೆ ಎತ್ತದೆ.

ಹುಲಿಗೆಮ್ಮ ವಾದ ಮಾಡಲಿಲ್ಲ. ಬ್ಯಾಂಡೇಜು ಬಿಚ್ಚಿ ಕೈಯನ್ನು ಅವನೆದುರು ಚಾಚಿದಳು. ಅವನು ತಲೆ ಎತ್ತಿದವನು ಥಟ್ಟನೆ ಮುಖ ತಿರುಗಿಸಿದ. ಆಗ ಅವಳೇ ನೋಡಿದಳು. ನಡುವೆ ಕೆಂಪು, ಸುತ್ತ ವಜೀರಾ ಹೇಳಿದ ಆ ಗುಲಾಬಿ. ಅಂದುಕೊಂಡಷ್ಟು ದೊಡ್ಡದಿರಲಿಲ್ಲ.

"ನೋಡಣ್ಣ, ಹೆದರ್ಬೇಡ," ಎಂದಳು. "ಮಾಯ್ತಾ ಇದೆ."

ವಾರದೊಳಗೆ ಹಳೇ ಆಯಿಲಿನ ಬದಲು ನೀರಿಗೆ ಬೆರೆಸಿ ಬಳಿಯುವ ಬಿಳಿ ಎಣ್ಣೆಯ ಕ್ಯಾನು, ಉದ್ದ ಹಿಡಿಯ ಬ್ರಷ್ಷು, ಗ್ಲೌಸು ಬಂದವು. ವಿಜಯೇಂದ್ರ ಗೊಣಗುತ್ತಲೇ ಇಳಿಸಿಟ್ಟ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಯ ಪೂರ್ತಿ ಮುಚ್ಚಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ಹುಲಿಗೆಮ್ಮನಿಗೆ ಕೈತೊಳೆಯಲು ನೀರು ಹಾಕುತ್ತಿದ್ದ ವಜೀರಾ, ಚೆಂಬನ್ನು ಮೇಲಕ್ಕೆ ಸರಿಸಿ ಹೊಸ ಚರ್ಮದ ಮೇಲೂ ಒಂದಿಷ್ಟು ಸುರಿದಳು.

"ಅಲ್ಲಿ ನೀರು ತಾಗಿದ್ದು ಗೊತ್ತಾಗುತ್ತಾ ಅಕ್ಕ?"

"ಇನ್ನೊಂಚೂರು ಹಾಕು."

ವಜೀರಾ ಹಾಕಿದಳು. ಹುಲಿಗೆಮ್ಮ ಕಣ್ಣು ಮುಚ್ಚಿ ಕೈಯನ್ನು ಹಾಗೇ ಹಿಡಿದು ನಿಂತಳು.

"ತಣ್ಣಗಿದೆ," ಎಂದಳು.