ಓದಿ ಹೇಳುವ ದನಿಗೊಂದು ಸಮಿತಿ

ಶಿವಮೊಗ್ಗದ ಗೋಪಾಳದಲ್ಲಿ ಮುಕ್ತ ತಂತ್ರಾಂಶದ ಸಮ್ಮೇಳನವಿದೆ ಎಂದು ತಿಳಿದು ಭದ್ರಾವತಿಯಿಂದ ಬೆಳಗ್ಗೆಯೇ ಬಸ್ ಹತ್ತಿದ್ದೆ. ವೆಬ್‌ಸೈಟ್ ಕಟ್ಟುವವರು ಅಷ್ಟು ಜನ ಸೇರುವಲ್ಲಿ ಕೆಲಸ ಬಲ್ಲವರು ಒಬ್ಬರಾದರೂ ಸಿಗದೆ ಇರುತ್ತಾರೆಯೇ ಎಂದು ನನ್ನ ಆಸೆ.

ನಾನು ಮಾಡಿದ ವೆಬ್‌ಸೈಟೊಂದು ಕನ್ನಡ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದೂ ಮುಕ್ತ ತಂತ್ರಾಂಶವೇ: ಯಾರು ಬೇಕಾದರೂ ಬಿಟ್ಟಿ ಬಳಸಬಹುದು, ಒಳಗಿನ ಕೋಡನ್ನು ತಿದ್ದಲೂಬಹುದು. ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿರುವ ಜ್ಞಾನೇಶನಿಗೆ ಕಣ್ಣು ಕಾಣುವುದಿಲ್ಲ. ಅವನ ಓದೆಲ್ಲ ಅದರಲ್ಲೇ. ಈಚೆಗೆ ಅದು ಅರ್ಧ ಪುಟ ಓದಿ ಬಾಯಿ ಮುಚ್ಚಿಕೊಳ್ಳುತ್ತಿದೆ. ನಾನೊಬ್ಬಳೇ ತಿದ್ದಿ ತಿದ್ದಿ ಸೋತಿದ್ದೆ. ಅವನ ಪರೀಕ್ಷೆ ಮುಂದಿನ ತಿಂಗಳು.

ಅದು ಸಮ್ಮೇಳನವೋ ಸನ್ಮಾನದ ಸಂತೆಯೋ! ದೀಪ ಹಚ್ಚಿದರು, ಶಾಲು ಹೊದಿಸಿದರು, ಹೊದಿಸಿದವರಿಗೂ ಶಾಲು ಹೊದಿಸಿದರು. ಭಾಷಣಕಾರನೊಬ್ಬ ಹಂಚಿಕೊಳ್ಳುವುದೇ ನಮ್ಮ ಧರ್ಮ ಎಂದು ಕೊರೆದು ಕೆಳಗಿಳಿದ. ಅವನ ಸ್ಲೈಡುಗಳನ್ನು ಒಬ್ಬ ಹುಡುಗಿ ಕೇಳಿದಳು. "ಅದೆಲ್ಲ ಕೊಡಕ್ಕಾಗಲ್ಲಮ್ಮ, ನಾನು ಕಷ್ಟಪಟ್ಟು ಮಾಡಿರೋದು" ಎಂದ. ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಮಾತಾಡಲು ನಾನೂ ಹೆಸರು ಕೊಟ್ಟಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ಎಲ್ಲರ ಕಣ್ಣು ಊಟದ ಹಾಲ್ ಕಡೆ. ಜ್ಞಾನೇಶನ ಕಷ್ಟ ಹೇಳಿ, ತಪ್ಪಿರುವ ಜಾಗ ತೋರಿಸಿ, "ನನ್ ಜೊತೆ ಕೂತು ಸರಿ ಮಾಡೋರು ಒಬ್ರು ಬೇಕು" ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಆಗ ಸಂಘಟಕ ಹರ್ಷವರ್ಧನ ಮೈಕ್ ತೆಗೆದುಕೊಂಡ.

"ಒಬ್ರು ಯಾಕೆ ಮೇಡಂ? ಇಂಥ ಕೆಲಸಕ್ಕೆ ಒಂದು ಸಮಿತಿನೇ ಮಾಡ್ಬಿಡೋಣ!"

ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು. ಅಧ್ಯಕ್ಷ ಅವನೇ ಆದ. ಉಪಾಧ್ಯಕ್ಷ ಶಿವಮೊಗ್ಗದವರೋ ಭದ್ರಾವತಿಯವರೋ ಎಂದು ಜಗಳವಾಗಿ, ಕೊನೆಗೆ ಇಬ್ಬರಾದರು. ಕಾರ್ಯದರ್ಶಿ ಬಂದ, ಸಹ ಕಾರ್ಯದರ್ಶಿ ಬಂದ. ಕಾಸಿಲ್ಲದ ವೆಬ್‌ಸೈಟಿಗೆ ಖಜಾಂಚಿಯೂ ಬಂದ.

"ಕೋಡ್ ಯಾರು ನೋಡ್ತಾರೆ?" ಎಂದು ಕೇಳಿದೆ.

"ಅದಕ್ಕೆ ನೀವಿದ್ದೀರಲ್ಲ ಮಂಜುಶ್ರೀ ಅವರೇ! ನಿಮ್ಮ ಬೆನ್ನಿಗೆ ನಾವಿರ್ತೀವಿ" ಎಂದು ಹರ್ಷವರ್ಧನ ನನಗೂ ಶಾಲು ಹೊದಿಸಿ ಫೋಟೊಗೆ ನಿಲ್ಲಿಸಿದ. ಮೈಯೆಲ್ಲ ಉರಿಯುತ್ತಿದ್ದರೂ ನಿಂತೆ.

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಜ್ಞಾನೇಶನ ಫೋನ್.

"ಅಕ್ಕಾ, ಸಿಕ್ಕಿದ್ರಾ ಯಾರಾದ್ರೂ?"

"ಒಬ್ರಲ್ಲ ಮಾರಾಯ, ದೊಡ್ಡ ಸಮಿತಿನೇ ಆಗಿದೆ" ಎಂದೆ, ಹಲ್ಲು ಕಚ್ಚಿಕೊಂಡು.

ನನ್ನ ವ್ಯಂಗ್ಯ ಅವನಿಗೆ ತಾಗಲೇ ಇಲ್ಲ. "ಅಬ್ಬ, ಅಷ್ಟು ಜನಾನಾ! ಹಂಗಾದ್ರೆ ಪರೀಕ್ಷೆ ಒಳಗೆ ಸರಿಯಾಗುತ್ತೆ ಬಿಡಿ. ಓದಿ ಹೇಳಕ್ಕೆ ಬಾ ಅಂತ ಒಬ್ಬ ಫ್ರೆಂಡ್‌ನ ಕಾಡ್ತಿದ್ದೆ. ಇನ್ನು ಬೇಡ ಅಂತ ಹೇಳ್ಬಿಡ್ತೀನಿ."

"ಬೇಡ ಅನ್ಬೇಡ ಕಣೋ. ಅವರಲ್ಲಿ ಕೆಲಸ ಮಾಡೋರು ಒಬ್ರೂ ಇಲ್ಲ."



"ಮತ್ತೆ ಸಮಿತಿ ಯಾತಕ್ಕೆ ಮಾಡಿದ್ರಕ್ಕಾ?" ಎಂದು ಕೇಳಿದ.