ಯಾರೂ ತಮ್ಮದೆನ್ನದ ಲೈನು

ನಮ್ಮದು ಎಣ್ಣೆ-ಸೀಗೇಕಾಯಿ ಸಂಬಂಧ. ಅವಳು ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮನೆಯಲ್ಲಿ ಅಕ್ಕ, ಆಫೀಸಿನಲ್ಲಿ ಮೇಡಂ. ಬೆಳಿಗ್ಗೆ ಒಂದೇ ಬಚ್ಚಲಿಗೆ ಜಗಳವಾಡಿ, ಆಮೇಲೆ ಅವಳ ಮುಂದೆಯೇ ಕೆಲಸ ಒಪ್ಪಿಸಬೇಕಾದ ಹಣೆಬರಹ ಯಾವ ಶತ್ರುವಿಗೂ ಬೇಡ.

ಕಾರಿನ ಬೋರ್ಡಿಗೆ ಹೊಸ ಪವರ್ ಚಿಪ್ ಬಂದಿತ್ತು. ಬ್ಯಾಟರಿಯ ಕರೆಂಟನ್ನು ಹಲವು ಲೈನುಗಳಾಗಿ ಹಂಚುವುದು ಅದರ ಕೆಲಸ. ಬೋರ್ಡನ್ನು ನಡೆಸುವ ಮೂಲ ಸಾಫ್ಟ್‌ವೇರ್ ಆದ ಕರ್ನಲ್‌ಗೆ ಕಣ್ಣಿಲ್ಲ, ಬೋರ್ಡಿನ ಮೇಲೆ ಏನೇನಿದೆ, ಯಾವ ಲೈನು ಯಾರಿಗೆ ಎಂದು ಡಿವೈಸ್ ಟ್ರೀ ಎಂಬ ಫೈಲಿನಲ್ಲಿ ಬರೆದುಕೊಟ್ಟರೆ ಮಾತ್ರ ಅದಕ್ಕೆ ತಿಳಿಯುತ್ತದೆ. ಬರೆಯುವವಳು ನಾನು, ರಿವ್ಯೂ ಮಾಡುವವಳು ಅವಳು. ಕಾರು ಕಂಪನಿಯವರ ಮುಂದೆ ಬೋರ್ಡ್ ಓಡಿದರೆ ನನ್ನ ಕೆಲಸ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಬೇಕು.

ಮೊಸರಿನಲ್ಲಿ ಕಲ್ಲು ಹುಡುಕುವುದೆಂದರೆ ಅವಳಿಗೆ ಪ್ರಾಣ. ಹೆಸರಿನಲ್ಲಿ ಅಂಡರ್‌ಸ್ಕೋರ್ ಇದೆ, ಹೈಫನ್ ಇರಬೇಕು ಎಂದು ಫೈಲು ವಾಪಸು ಕಳಿಸಿದಳು. ಸರಿಮಾಡಿದರೆ ಸಾಲುಗಳ ಕ್ರಮ ಸರಿಯಿಲ್ಲವಂತೆ. ಮನೆಯಲ್ಲಿ ಉಪ್ಪು ಜಾಸ್ತಿ ಹಾಕಿದಿರಾ ಎಂದು ಪಕ್ಕದ ಸೀಟಿನವನು ಕೇಳಿ ನಕ್ಕ. ನನಗೆ ನಗು ಬರಲಿಲ್ಲ.

ಕೊನೆಗೆ ತಕರಾರು ಒಂದು ಲೈನಿನ ಮೇಲೆ ನಿಂತಿತು. ಅದಕ್ಕೆ ನಾನು ‘ಯಾವಾಗಲೂ ಆನ್’ ಎಂದು ಬರೆದಿದ್ದೆ. ಬೂಟ್ ಆದ ಸ್ವಲ್ಪ ಹೊತ್ತಿಗೆ, ಯಾರೂ ತಮ್ಮದೆನ್ನದ ಲೈನುಗಳನ್ನೆಲ್ಲ ಕರ್ನಲ್ ಆರಿಸಿಬಿಡುತ್ತದೆ. ಈ ಲೈನು ಬ್ರೇಕ್ ಕಾಯುವ ಪುಟ್ಟ ಚಿಪ್‌ನದು. ಅದು ಕರ್ನಲ್‌ನ ಮಾತು ಕೇಳುವ ಪೈಕಿಯಲ್ಲ, ಹಾಗಾಗಿ ಫೈಲಿನಲ್ಲಿ ಅದರ ಹೆಸರೇ ಇಲ್ಲ. ಅದಕ್ಕೆ ಕರೆಂಟು ಹೋದರೆ ಇಡೀ ಬೋರ್ಡು ಮಲಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಬರೆದಿದ್ದಳು: ‘ಇದನ್ನು ಯಾರೂ ಬಳಸುತ್ತಿಲ್ಲ. ಯಾವಾಗಲೂ ಆನ್ ಯಾಕೆ? ತೆಗೆಯಿರಿ.’

ಮೈಯೆಲ್ಲ ಉರಿದುಹೋಯಿತು. ತೆಗಿ ಅಂದೆಯಲ್ಲ, ತೆಗೆದೆ, ಅನುಭವಿಸು ಎಂದುಕೊಂಡು ಆ ಸಾಲನ್ನು ಅಳಿಸಿ, ಆಯ್ತು ಮೇಡಂ ಎಂದು ಕಳಿಸಿದೆ. ಅವಳು ಒಪ್ಪಿಗೆ ಕೊಟ್ಟಳು. ಕಂಪನಿಯವರು ಬರುವ ಗಡಿಬಿಡಿಯಲ್ಲಿ ಯಾರೂ ಇನ್ನೊಮ್ಮೆ ಓಡಿಸಿ ನೋಡಲಿಲ್ಲ.

ಅವರ ಮುಂದೆ ಪರದೆ ಬೆಳಗಿತು. ಅವಳು ವಿವರಿಸತೊಡಗಿದಳು. ಮಾತು ಮುಗಿಯುವ ಮೊದಲೇ ಪರದೆ ಕಪ್ಪಾಯಿತು, ಬೋರ್ಡಿನ ಫ್ಯಾನೂ ನಿಂತಿತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಈಗ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಾಳೆ, ಆಗ ಎಲ್ಲರೆದುರು ಇವಳ ಬಂಡವಾಳ ಬಯಲು ಮಾಡುತ್ತೇನೆ ಎಂದು ಕಾದು ಕುಳಿತೆ. ಅವಳು ಮಾತ್ರ, ರಿವ್ಯೂ ಮಾಡಿದ್ದು ನಾನು, ತಪ್ಪು ನನ್ನದು ಎಂದುಬಿಟ್ಟಳು.

ಆಮೇಲೆ ಕಾರಿಡಾರಿನಲ್ಲಿ ನನ್ನನ್ನು ತಡೆದಳು.

"ಹೀಗಾಗುತ್ತೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ತೆಗಿ ಅಂದಿದ್ದು ನೀವೇ."

"ಯಾಕೆ ಅಂತಾನೂ ಕೇಳಿದ್ದೆ. ಮನೇಲಿ ಒಂದು ಲೋಟ ಎತ್ತಿಡೋಕೂ ಎದುರು ಮಾತಾಡ್ತೀಯ. ಇಲ್ಲಿ ಒಂದು ಸಾಲು ಎದುರು ಬರೆಯೋಕೆ ಏನಾಗಿತ್ತು?"

ಅವಳು ನನ್ನ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

"ಬ್ರೇಕಿನ ವಿಷಯ ಗೊತ್ತಿದ್ದೂ ಸುಮ್ಮನಿರೋರನ್ನ ನಾನು ಖಾಯಂ ಮಾಡಲ್ಲ. ಮನೇಲಿ ನೀನೇ ಹೇಳ್ಕೋ" ಎಂದು ಹೊರಟುಹೋದಳು.

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಬೇರೆಲ್ಲವನ್ನೂ ಮರೆತೇನು, ಅದೊಂದಕ್ಕೆ ಮಾತ್ರ ಸಾಯುವ ತನಕ ಅವಳನ್ನು ಕ್ಷಮಿಸುವುದಿಲ್ಲ.